ಇಪ್ಪತ್ತೆರಡು ಫರ್ಸಿಯ ದೂರ

ಶಹಾಬಾದಿನಲ್ಲಿ ಈಗ ಯಾರಾದರೂ ದೊಡ್ಡ ಕಾಯಿಲೆಯಿಂದ ಎದ್ದು ಬಂದರೆ ಜನ ಅವರಿಗೆ ನನ್ನನ್ನು ತೋರಿಸುತ್ತಾರೆ. "ಇವರನ್ನ ನೋಡ್ರಿ, ಹದಿನೇಳು ದಿನ ಮಷೀನಿನ ಮ್ಯಾಲ ಉಸಿರಾಡಿದ ಮನಷಾ. ಈಗ ದಿನಾ ಮುಂಜಾನಿ ಸ್ಟೇಷನ್ ತನಕ ನಡಕೋತ ಹೋಗಿ ಬರ್ತಾರ. ಹಿಮ್ಮತ್ ಅಂದ್ರ ಹಿಂಗಿರಬೇಕು." ಚಹಾದಂಗಡಿಯಲ್ಲಿ ಈ ಮಾತು ಕಿವಿಗೆ ಬಿದ್ದರೆ ನಾನು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ಪಾಪ, ಹೊಗಳಿದರೆ ಸಂಕೋಚ ಅಂತ ತಿಳಿಯುತ್ತಾರೆ. ಸಂಕೋಚವೂ ಅಲ್ಲ, ಗಿಂಕೋಚವೂ ಅಲ್ಲ. ನಾಚಿಕೆ. ನಡಿಗೆ ಎಷ್ಟು ದಿನ ತಡವಾಗಿ ಶುರುವಾಯಿತು, ತಡವಾದದ್ದಕ್ಕೆ ಯಾರು ರಕ್ತ ಸುರಿಸಿದರು ಎಂದು ಒಬ್ಬರೂ ಕೇಳುವುದಿಲ್ಲ. ನನಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತು, ಆಕೆಯ ತಂಗಿಗೆ ಗೊತ್ತು. ಉಳಿದವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಫರ್ಸಿ ಹಾಸುವ ಮಿಸ್ತ್ರಿ. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ನಮ್ಮ ಕಡೆ ಫರ್ಸಿ ಎನ್ನುತ್ತಾರೆ. ಅಪ್ಪ ಕಾಗಿಣಾ ನದಿಯಲ್ಲಿ ಬಲೆ ಬೀಸಿ ಬದುಕಿದವನು. ನನಗೆ ಮೀನು ಒಲಿಯಲಿಲ್ಲ, ಕಲ್ಲು ಒಲಿಯಿತು. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ಎಲ್ಲಿ ಮನೆ ಕಟ್ಟಿದರೂ ನೆಲದ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು. ಇದು ನಿಂತು ಮಾಡುವ ಕೆಲಸವಲ್ಲ, ಕುಳಿತು ಮಾಡುವುದೂ ಅಲ್ಲ. ಕುಕ್ಕರಗಾಲಿನಲ್ಲಿ ಹಿಂದಕ್ಕೆ ಸರಿಯುತ್ತ ಸರಿಯುತ್ತ ಬೆಳಗ್ಗೆ ಒಳಗಿನ ಗೋಡೆಯಿಂದ ಹೊರಟವನು ಸಂಜೆಗೆ ಬಾಗಿಲಾಚೆ ಬಂದು ಬೀಳಬೇಕು. ಮನೆಯ ಯಜಮಾನರು ಬಾಗಿಲಲ್ಲಿ ಖುರ್ಚಿ ಹಾಕಿಕೊಂಡು ಕುಳಿತು "ಏ, ಆ ಮೂಲಿ ಸಂದಿ ನೋಡೋ" ಎನ್ನುತ್ತಿದ್ದರು. ಮೂವತ್ತೈದು ವರ್ಷದಲ್ಲಿ ನಾನೇ ಹಾಸಿದ ನೆಲದ ಮೇಲೆ ನನಗೊಂದು ಖುರ್ಚಿ ಹಾಕಿದವರಿಲ್ಲ. ಚಹಾ ಕೊಟ್ಟರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ಕುಡಿದದ್ದೇ. ಅದೇನು ನನ್ನ ಮನಸ್ಸಿಗೆ ಹತ್ತಿರಲಿಲ್ಲ ಎಂದುಕೊಂಡಿದ್ದೆ. ಹತ್ತಿತ್ತು ಎಂದು ತಿಳಿದದ್ದು ಖುರ್ಚಿ ಸಿಕ್ಕ ಮೇಲೆ.

ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂತು. ಮೂರು ದಿನ ಗುಳಿಗೆ ನುಂಗಿ ರಾವೂರದಲ್ಲಿ ಕೆಲಸ ಮಾಡಿದೆ. ನಾಲ್ಕನೆಯ ದಿನ ಉಸಿರು ಸಿಗದೆ ಗಾರೆ ಹಚ್ಚುವ ಕರಣಿ ಕೈಯಿಂದ ಜಾರಿತು. ಕಲಬುರಗಿಯ ದವಾಖಾನೆಗೆ ಒಯ್ದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹತ್ತಿತ್ತಂತೆ. ಗಂಟಲಲ್ಲಿ ನಳಿಗೆ, ಪಕ್ಕದಲ್ಲಿ ಉಸಿರಾಡಿಸುವ ಯಂತ್ರ, ಹದಿನೇಳು ದಿನ. ನನಗೆ ನೆನಪಿರುವುದು ಚೂರುಪಾರು. ಯಾರೋ ತಲೆಯ ಮೇಲಿನ ಛತ್ತಿಗೆ ಫರ್ಸಿ ಹಾಸುತ್ತಿದ್ದಾರೆ, ಗಾರೆ ಹಿಡಿದಿಲ್ಲ, ಈಗ ಬೀಳುತ್ತದೆ ಎಂದು ಕೈ ಎತ್ತಿ ತಡೆಯಲು ಹೋಗಿ ಸೂಜಿ ಕಿತ್ತುಕೊಂಡೆನಂತೆ. ಕೈ ಕಟ್ಟಿಹಾಕಿದ್ದರು. ಎಚ್ಚರವಾದಾಗ ನೋಡಿದರೆ ನನ್ನ ತೊಡೆ ನನ್ನ ತೋಳಿನಷ್ಟಾಗಿತ್ತು. ಆ ಹದಿನೇಳು ದಿನವೂ ನನ್ನ ಹೆಂಡತಿ ಗಾಜಿನ ಬಾಗಿಲ ಹೊರಗೆ ನಿಂತಿದ್ದಳು. ಅಲ್ಲಿ ಕುಳಿತುಕೊಳ್ಳಲು ಏನೂ ಇರಲಿಲ್ಲ.

ಮನೆಗೆ ಕಳಿಸುವ ದಿನ ವ್ಯಾಯಾಮ ಹೇಳಿಕೊಡುವ ಒಬ್ಬ ಡಾಕ್ಟರ್ ಹುಡುಗಿ ಬಂದಳು. ನಗುಮುಖದವಳು, ಆದರೆ ಮಾತು ಖಡಕ್. "ಅಂಕಲ್, ಬೀಮಾರಿ ಹೋಯ್ತು. ಇನ್ನ ನಿಮ್ಮ ದುಶ್ಮನ್ ಅಂದ್ರ ಮಂಚ ಮತ್ತ ಖುರ್ಚಿ. ನಡದ್ರ ದಮ್ಮು ಹತ್ತತದ, ಎದಿ ಹೊಡ್ಕೋತದ. ಹೆದರಬ್ಯಾಡ್ರಿ. ದಿನಾ ಜರಾ ಜರಾ ಜಾಸ್ತಿ ನಡೀರಿ. ಈ ನಾಕು ತಿಂಗಳಾಗ ಎದ್ರಿ ಅಂದ್ರ ಎದ್ರಿ, ಇಲ್ಲಂದ್ರ ಹಂಗೇ ಕುಂತು ಬಿಡ್ತೀರಿ." ಎಷ್ಟು ದೂರ ನಡೆಯಬೇಕು ಎಂದು ಹೆಂಡತಿ ಕೇಳಿದಳು. ಹುಡುಗಿ ಮೀಟರಿನಲ್ಲಿ ಹೇಳಿದಳು. "ಅದು ನಮಗ ತಿಳಿಯಂಗಿಲ್ಲವ್ವಾ, ಫರ್ಸಿ ಲೆಕ್ಕದಾಗ ಹೇಳು. ನಮ್ಮ ಮನ್ಯಾಗ ಎರಡ್ ಫೂಟಿಂದು ಹಾಸ್ಯಾರ" ಎಂದಳು ನನ್ನವಳು. ಹುಡುಗಿ ನಕ್ಕು ಬೆರಳಲ್ಲಿ ಲೆಕ್ಕ ಹಾಕಿ, ಮೊದಲ ವಾರ ಐದು ಫರ್ಸಿ, ಆಮೇಲೆ ದಿನಕ್ಕೊಂದು ಕೂಡಿಸಿ ಎಂದಳು.

ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲ ಕೊನೆಗೆ ನೀರು ತುಂಬಿಡುವ ಕಲ್ಲಿನ ಹೌದ. ಪಡಸಾಲೆಯಲ್ಲಿ ನಾನು ಕೂರುವ ಜಾಗದಿಂದ ಹೌದದ ತನಕ ಸರಿಯಾಗಿ ಇಪ್ಪತ್ತೆರಡು ಫರ್ಸಿ. ನಾನೇ ಹಾಸಿದ್ದು, ಕಣ್ಣು ಮುಚ್ಚಿ ಹೇಳಬಲ್ಲೆ.

ಇನ್ನು ಹೆಂಡತಿಯ ಸಂಗತಿ. ಆಕೆ ಶಾಲೆಯಲ್ಲಿ ಮಕ್ಕಳ ಬಿಸಿಯೂಟದ ಅಡುಗೆ ಮಾಡುತ್ತಾಳೆ. ವರ್ಷಗಟ್ಟಲೆ ದೊಡ್ಡ ದೊಡ್ಡ ಬೋಗುಣಿ ಇಳಿಸಿ ಹತ್ತಿಸಿ ಆಕೆಯ ಗರ್ಭಚೀಲ ಕೆಳಗೆ ಜಾರಿತ್ತು. ಭಾರ ಎತ್ತಬೇಡ, ಬೇಗ ಆಪರೇಷನ್ ಮಾಡಿಸಿಕೋ ಎಂದು ಸೇಡಂನ ಡಾಕ್ಟರಮ್ಮ ಹೇಳಿದ್ದರು. ಅದೇ ಮಳೆಗಾಲದಲ್ಲಿ ಮಾಡಿಸುವುದೆಂದು ಗೊತ್ತಾಗಿತ್ತು, ಅಷ್ಟರಲ್ಲಿ ನಾನು ಬಿದ್ದೆ. ಆಪರೇಷನ್ ಆದ ಮೇಲೆ ಮೂರು ತಿಂಗಳು ಒಂದು ಕೊಡ ನೀರೂ ಎತ್ತುವಂತಿಲ್ಲ. ಒಬ್ಬಳೇ ಮಗಳು ತಾಂಡೂರಿನಲ್ಲಿ ಹಸಿ ಬಾಣಂತಿ. ಆಕೆಯನ್ನು ಕರೆಸುವಂತಿಲ್ಲ. ಹಾಗಾಗಿ ಮನೆಗೆ ಬಂದ ದಿನವೇ ಹೆಂಡತಿ ನನ್ನ ಮುಂದೆ ಕುಳಿತು ಸ್ಪಷ್ಟವಾಗಿ ಹೇಳಿದಳು.

"ನೋಡ್ರಿ, ನೀವು ಹೌದದ ತನಕ ನಡದು, ಒಂದ್ ತಂಬಿಗಿ ನೀರು ನಿಮ್ಮ ಕೈಲೆ ತಂದು ಕುಡದ ದಿನ ನಾ ಸೇಡಂಕ ಹೋಗ್ತೀನಿ. ಅಲ್ಲಿ ತನಕ ನನ್ನ ಕಾಲು ಏಳಂಗಿಲ್ಲ. ದಸರಾಕ್ಕ ಆಗ್ತದೇನು?"

"ದಸರಾ ಯಾಕ, ಚೌತಿಗೇ ಆಗ್ತದ ಬಿಡು" ಎಂದೆ ನಾನು. ಬಾಯಿಗೆ ಎಲ್ಲಿಯ ಬರ.

ಮೊದಮೊದಲು ನಡೆಯಲು ಆಗದೇ ಇದ್ದದ್ದು ಹೆದರಿಕೆಯಿಂದ. ಅದಕ್ಕೆ ನನಗೆ ನಾಚಿಕೆಯಿಲ್ಲ. ಮೂರನೆಯ ಫರ್ಸಿಗೆ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು, ಕಣ್ಣಿಗೆ ಕತ್ತಲು ಬರುತ್ತಿತ್ತು, ಮತ್ತೆ ಗಂಟಲಲ್ಲಿ ನಳಿಗೆ ಇಡುತ್ತಾರೆ ಎಂದು ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಕಂಕುಳಲ್ಲಿ ಕೈ ಕೊಟ್ಟು "ಇನ್ನೊಂದು, ಇನ್ನೊಂದ್ರಿ" ಎನ್ನುತ್ತ ಒಯ್ಯುತ್ತಿದ್ದಳು. ಹಾಗೂ ಹೀಗೂ ಗಣಪತಿ ಕೂರಿಸುವ ಹೊತ್ತಿಗೆ ಒಂಬತ್ತು ಫರ್ಸಿ ನಡೆದೆ. ಒಂಬತ್ತನೆಯದು ಅಡುಗೆಮನೆಯ ಹೊಸ್ತಿಲು. ಅವತ್ತು ಆಕೆ ಹೋಳಿಗೆ ಮಾಡಿದ್ದಳು.

ಆಮೇಲೆ ಮಾತಾಡಿಸುವವರು ಬರತೊಡಗಿದರು.

ನಮ್ಮಲ್ಲಿ ಸತ್ತು ಬದುಕಿ ಬಂದವನನ್ನು ಮಾತಾಡಿಸದೆ ಇದ್ದರೆ ಜನ ಆಡಿಕೊಳ್ಳುತ್ತಾರೆ. ಬಾಳೆಹಣ್ಣು, ಬಿಸ್ಕೀಟಿನ ಪುಡಿಕೆ ಹಿಡಿದು ಬರುತ್ತಾರೆ, ತಾಸುಗಟ್ಟಲೆ ಕುಳಿತುಕೊಳ್ಳುತ್ತಾರೆ. ಅದೇ ಹೊತ್ತಿಗೆ ಚಿಂಚೋಳಿಯಲ್ಲಿ ಬಡಿಗತನ ಮಾಡುವ ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ನನಗಾಗಿ ತೇಗದ ಕೈಖುರ್ಚಿ ಮಾಡಿ ಕಳಿಸಿದ. ಅಗಲವಾದ ಕೈಗಳು, ಬೆನ್ನಿಗೆ ಇಳಿಜಾರು, ಕುಳಿತರೆ ಮೇಲೇಳಲು ಮನಸ್ಸೇ ಬರಬಾರದು, ಅಂಥದ್ದು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ.

ಒಂದು ದಿನ ಚಿತ್ತಾಪುರದ ಬಟ್ಟೆ ಅಂಗಡಿಯ ಸಾಹುಕಾರ ಬಂದರು. ಅವರ ಮೂರಂತಸ್ತಿನ ಮನೆಯ ನೆಲ ನನ್ನದೇ ಕೆಲಸ. ಒಂದು ಫರ್ಸಿಯ ಮೂಲೆ ಮುಕ್ಕಾಗಿತ್ತೆಂದು ನಾಲ್ಕು ಜನರ ಮುಂದೆ ನನಗೆ ಬೈದಿದ್ದ ಮನುಷ್ಯ. ನಾನು ಏಳಲು ಹೋದೆ. ಅವರು ಓಡಿ ಬಂದು ಭುಜ ಹಿಡಿದು ಕೂರಿಸಿದರು. "ಕುಂದ್ರಿ, ಕುಂದ್ರಿ ಮಿಸ್ತ್ರಿಯವರೇ, ಏಳಬ್ಯಾಡ್ರಿ. ಇದು ನಿಮ್ಮ ಎರಡನೇ ಜನ್ಮ. ಆರಾಮ ಮಾಡ್ರಿ. ಆರಾಮಕಿಂತ ದೊಡ್ಡ ದವಾ ಇಲ್ಲ." ಹೀಗೆಂದು ನನ್ನ ಹೆಂಡತಿ ರೊಟ್ಟಿ ಬಡಿಯಲು ಕೂರುವ ಮೋಟು ಮಣೆಯನ್ನು ತಾವೇ ಎಳೆದುಕೊಂಡು ಕುಳಿತರು. ನಾನು ಮೇಲೆ, ಸಾಹುಕಾರ ಕೆಳಗೆ. "ನೋಡೋ" ಎನ್ನುತ್ತಿದ್ದವರು "ರೀ" ಎನ್ನುತ್ತಿದ್ದಾರೆ. ಏನು ಹೇಳಲಿ, ಮೈಯೆಲ್ಲ ಬೆಲ್ಲವಾಯಿತು.

ಅವತ್ತಿನಿಂದ ನಾನು ಕೆಟ್ಟೆ. ಹೊರಗೆ ಚಪ್ಪಲಿಯ ಸಪ್ಪಳ ಕೇಳಿದರೆ ನಡೆಯುತ್ತಿದ್ದವನು ಗೋಡೆ ಹಿಡಿದು ದಡಬಡಿಸಿ ಖುರ್ಚಿಗೆ ಬರುತ್ತಿದ್ದೆ. ಶಾಲು ಹೊದೆಯುತ್ತಿದ್ದೆ. ಮಾತು ನಿಧಾನ ಮಾಡುತ್ತಿದ್ದೆ. ಕೇಳುವವರಿಗೆ ಕಥೆ ಹೇಳುವುದಂತೂ ಒಂದು ಚಟವೇ ಆಯಿತು. ಹದಿನೇಳು ದಿನ ಇಪ್ಪತ್ತಾಯಿತು. ಡಾಕ್ಟರು ಕೈ ಚೆಲ್ಲಿದ್ದನ್ನು ನಾನು ಕಿವಿಯಾರೆ ಕೇಳಿದೆ ಎಂದೆ. ಬಿಳಿ ಧೋತರದ ಮುದುಕನೊಬ್ಬ ಕಾಲ ಹತ್ತಿರ ಬಂದು ನಿಂತಿದ್ದ ಎಂದೆ. ಜನ ಕೈ ಮುಗಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಆ ಬಾಗಿಲ ಹೊರಗೆ ನಿಂತಿದ್ದವಳಿಗೆ ಯಾವ ಮುದುಕ ಬಂದಿದ್ದ, ಯಾವನು ಬಂದಿರಲಿಲ್ಲ ಎಂಬುದೆಲ್ಲ ಗೊತ್ತಿತ್ತಲ್ಲ.

ಕುಳಿತಲ್ಲಿಗೇ ಎಲ್ಲ ಬರತೊಡಗಿತು. ನೀರು, ಗುಳಿಗೆ, ಊಟದ ತಾಟು, ಕೈ ತೊಳೆಯುವ ಬೋಗುಣಿ. ಆಕೆ ಶಾಲೆಗೆ ಹೋಗುವ ಮೊದಲು ನನ್ನನ್ನು ಎತ್ತಿ ಬಚ್ಚಲಿಗೆ ಒಯ್ದು, ಮೀಸಿ, ಮತ್ತೆ ಎತ್ತಿ ತಂದು ಕೂರಿಸಬೇಕು. ಎತ್ತುವಾಗ ಆಕೆ ತುಟಿ ಕಚ್ಚಿ ಕಣ್ಣು ಮುಚ್ಚುತ್ತಿದ್ದಳು. ನಾನು ಅದನ್ನು ನೋಡಲಿಲ್ಲ ಎಂದು ಬರೆಯಬಹುದು. ನೋಡಿದ್ದೆ. ಸ್ವಲ್ಪ ಕಾಲಿಗೆ ಬಲ ಕೊಟ್ಟಿದ್ದರೆ ಆಕೆಗೆ ಅರ್ಧ ಭಾರ ಕಡಿಮೆಯಾಗುತ್ತಿತ್ತು. ಕೊಡಲಿಲ್ಲ.

ದಸರಾ ಹೋಯಿತು. ದೀಪಾವಳಿ ಅಂದಳು. ದಿನಾ ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದು ಕೇಳುತ್ತಿದ್ದಳು, "ಇವತ್ತ ಎಷ್ಟಾತ್ರಿ?"

"ಹನ್ನೆರಡು."

ಮರುದಿನ ಹದಿಮೂರು. ಅದರ ಮರುದಿನ ಹದಿಮೂರೇ, ಯಾಕೆಂದರೆ ದಿನಾ ಏರಿದರೆ ಅನುಮಾನ ಬರುತ್ತದೆ. ನೋಡಿ, ಬುದ್ಧಿ ಎಷ್ಟು ಚುರುಕಾಗಿತ್ತು. ನಿಜವಾಗಿ ನಾನು ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಏಳುತ್ತಿರಲಿಲ್ಲ.

ನಮ್ಮ ಮನೆಯ ಹಿಂದೆ ಫರ್ಸಿ ಕೊಯ್ಯುವ ಯಂತ್ರಗಳಿವೆ. ಹಗಲೆಲ್ಲ ಕಲ್ಲಿನ ಬಿಳಿ ಹುಡಿ ಹಾರಿ ಬಂದು ನೆಲದ ಮೇಲೆ ಕೂರುತ್ತದೆ. ಎರಡು ತಾಸು ಕಸ ಹೊಡೆಯದಿದ್ದರೆ ಬೆಕ್ಕು ನಡೆದ ಗುರುತೂ ಮೂಡುತ್ತದೆ. ಹೆಂಡತಿ ಮೊದಲು ಬಂದ ಕೂಡಲೇ ಕಸ ಹೊಡೆಯುತ್ತಿದ್ದಳು. ಆಮೇಲೆ ಯಾಕೋ ಬಂದು ಮೊದಲು ಸ್ವಲ್ಪ ಹೊತ್ತು ನಡುಮನೆಯ ಬಾಗಿಲಲ್ಲಿ ನಿಲ್ಲತೊಡಗಿದಳು. ಒಂದು ದಿನ ನಾನು ರೇಗಿದೆ. "ಮನಿ ಅಂದ್ರ ಹಿಟ್ಟಿನ ಗಿರಣಿ ಆಗ್ಯದ. ಕಸಾ ಹೊಡಿಲಾಕ ಏನಾಗ್ಯದ ನಿನಗ?" ಆಕೆ ಬಗ್ಗಿ, ಕೆನ್ನೆಯನ್ನು ನೆಲದ ಹತ್ತಿರ ತಂದು, ಅಡ್ಡ ಬೆಳಕಿನಲ್ಲಿ ಫರ್ಸಿಗಳನ್ನು ನೋಡಿದಳು. ಹಾಸಿದ ನೆಲದ ಮಟ್ಟ ಸರಿಯಿದೆಯೋ ಇಲ್ಲವೋ ಎಂದು ನಾನು ನೋಡುವುದು ಹೀಗೆಯೇ. ನನ್ನಿಂದಲೇ ಕಲಿತಿದ್ದಳು. ಹುಡಿಯ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದಳೋ.

ಮಾನ ಇದ್ದ ಮನುಷ್ಯ ಮರುದಿನ ಎದ್ದು ನಡೆಯುತ್ತಿದ್ದ. ನಾನು ಏನು ಮಾಡಿದೆ ಹೇಳುತ್ತೇನೆ, ನಗಬೇಡಿ. ನಕ್ಕರೂ ಪರವಾಗಿಲ್ಲ.

ಕಾಲು ಜಾರಬಾರದೆಂದು ದವಾಖಾನೆಯವರು ನನಗೆ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಲು ಹೇಳಿದ್ದರು. ಬಟ್ಟೆ ಒಣಹಾಕುವ ಬಿದಿರು ಗಳ ಖುರ್ಚಿಯ ಪಕ್ಕದಲ್ಲೇ ಇತ್ತು. ಆಕೆ ಶಾಲೆಗೆ ಹೋದ ಮೇಲೆ ಗಳದ ತುದಿಗೆ ಒಂದು ಚಪ್ಪಲಿಯನ್ನು ಸುತಳಿಯಿಂದ ಬಿಗಿದೆ. ಕುಳಿತಲ್ಲಿಂದಲೇ ಗಳ ಚಾಚಿ ಫರ್ಸಿಗೊಂದರಂತೆ ಒತ್ತಿದೆ. ಹೆಜ್ಜೆ ಮೂಡಿತು, ಅಚ್ಚುಕಟ್ಟಾಗಿ! ಗಳ ಆರು ಫರ್ಸಿಯ ತನಕ ಮುಟ್ಟಿತು, ಮುಂದಕ್ಕೆ ಇಲ್ಲ. ಆಗ ಕುಳಿತೇ ಖುರ್ಚಿಯನ್ನು ಕಾಲಿನಿಂದ ಒಂದೊಂದು ಗೇಣು ತಳ್ಳಿಕೊಂಡು ನಡುಮನೆಗೆ ಬಂದೆ. ಖುರ್ಚಿಯ ಕಾಲು ಹುಡಿಯಲ್ಲಿ ಗೆರೆ ಎಳೆಯಿತು. ಹೆಗಲ ಮೇಲಿನ ಟವೆಲ್ಲಿನಿಂದ ಬಗ್ಗಿ ಒರೆಸಿದೆ. ಒರೆಸಿದ ಜಾಗ ಹೊಳೆಯತೊಡಗಿತು. ಪಕ್ಕದ ಹುಡಿ ಬಾಚಿ ಉದುರಿಸಿದೆ. ಅಡುಗೆಮನೆ, ಹಿತ್ತಲು, ಹೌದ, ಅಷ್ಟೂ ಇಪ್ಪತ್ತೆರಡು ಫರ್ಸಿಗೆ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಬೆವರು ಧಾರಾಕಾರ. ಅದರಲ್ಲಿ ಕಾಲು ಭಾಗ ಕಷ್ಟಪಟ್ಟಿದ್ದರೆ ನಡೆದೇ ಹೋಗಿ ಬರಬಹುದಿತ್ತು. ಅದು ಆಗಲೂ ತಲೆಗೆ ಬಂತು, ಖರೆ ಹೇಳುತ್ತೇನೆ. ಬಂದರೂ ಏಳಲಿಲ್ಲ. ಎದ್ದು ನಡೆದರೆ ವಾಸಿಯಾಗಿಬಿಡುತ್ತೇನೆ, ವಾಸಿಯಾದರೆ ಮತ್ತೆ ಕುಕ್ಕರಗಾಲು, ಮತ್ತೆ "ನೋಡೋ". ಇದನ್ನು ನಾನು ಯಾರಿಗೂ ಹೇಳಿಲ್ಲ.

ಸಂಜೆ ಆಕೆ ಬಂದಳು. ಬಾಗಿಲಲ್ಲಿ ನಿಂತಳು. ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಇವತ್ತ ಇಪ್ಪತ್ತೆರಡು. ಹೌದಕ್ಕ ಹೋಗಿದ್ದೆ" ಎಂದೆ.

ಆಕೆ ಬಗ್ಗಿ ನೋಡಿದಳು. ಮೆಲ್ಲಗೆ ಹಿತ್ತಲ ತನಕ ಹೋಗಿ ತಿರುಗಿ ಬಂದಳು.

"ಏನ್ರಿ."

"ಏನು?"

"ಬಲಗಾಲು ಎಲ್ಲಿ ಇಟ್ಟು ಹೋಗಿದ್ರಿ?"

ನಾನು ನೆಲ ನೋಡಿದೆ. ಪಡಸಾಲೆಯಿಂದ ಹೌದದ ತನಕ ಸಾಲಾಗಿ ಎಡಗಾಲಿನ ಹೆಜ್ಜೆಗಳು. ಹೋದದ್ದು ಎಡಗಾಲು ಒಂದೇ. ಹೋದದ್ದು ತಿರುಗಿ ಬಂದೂ ಇರಲಿಲ್ಲ. ಆಕೆ ಹೊಸ್ತಿಲ ಮೇಲೆ ಕುಸಿದು ಕುಳಿತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಬದುಕಿದೆ ಎಂದು ನಾನೂ ನಕ್ಕೆ. ನಗುತ್ತ ನಗುತ್ತ ನೋಡಿದರೆ ಆಕೆ ನಗುತ್ತಿರಲಿಲ್ಲ, ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದಳು. "ಆಯ್ತು ಬಿಡ್ರಿ. ದೀಪಾವಳಿನೂ ಮುಗೀತು. ಸಂಕ್ರಾಂತಿ ಅನ್ನೋಣ" ಎಂದು ಕಸಬರಿಗೆ ತೆಗೆದುಕೊಂಡು ಆ ಹೆಜ್ಜೆಗಳನ್ನೆಲ್ಲ ಗುಡಿಸಿದಳು. ಒಂದು ಬೈಗುಳ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ನಾಚಿಕೆಯ ಬಿಸಿಯಲ್ಲಿ ನಾಲ್ಕು ದಿನ ನಡೆದೆ. ನಿಜವಾದ ಹೆಜ್ಜೆ, ಎರಡೂ ಕಾಲಿನದು. ಐದನೆಯ ದಿನ ಚಳಿ ಬಿತ್ತು, ಎರಡು ಸಲ ಕೆಮ್ಮು ಬಂತು. ಥಂಡಿ ತಾಗಿದರೆ ಮತ್ತೆ ನ್ಯುಮೋನಿಯಾ ಎಂದು ನಾನೇ ಡಾಕ್ಟರಾಗಿ ಶಾಲು ಹೊದ್ದು ಕುಳಿತೆ. ಆಕೆ ಎಷ್ಟಾಯಿತು ಎಂದು ಕೇಳುವುದನ್ನು ಬಿಟ್ಟಳು. ನಾನು ಅದನ್ನು ದೊಡ್ಡ ಉಪಕಾರ ಎಂದುಕೊಂಡೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನನ್ನ ದೆಸೆಯಿಂದ ನಾವು ಹೋಗಲಿಲ್ಲ. ಮರುದಿನ ಬೆಳಗ್ಗೆ ಚಿಂಚೋಳಿಯಿಂದ ಹೆಂಡತಿಯ ತಂಗಿ ಕಾಳು ಸೊಪ್ಪು ಬೆರೆಸಿ ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಳು. ಬಾಯಿ ಜೋರಿನ ಹೆಣ್ಣು, ನನಗೆ ಆಕೆಯನ್ನು ಕಂಡರೆ ಮೊದಲಿನಿಂದಲೂ ಸ್ವಲ್ಪ ಅಂಜಿಕೆ. ಆಕೆ ಒಳಗೆ ಕಾಲಿಡುವ ಹೊತ್ತಿಗೆ ನನ್ನ ಹೆಂಡತಿ ಹಿತ್ತಲಿನ ಒಲೆಯಿಂದ ನನ್ನ ಸ್ನಾನದ ಬಿಸಿನೀರು ಇಳಿಸಿ ಬಚ್ಚಲಿಗೆ ತರುತ್ತಿದ್ದಳು. ನಡುವೆ ನಿಂತು, ಪಾತ್ರೆ ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ಖುರ್ಚಿಯಿಂದ ಕೂಗಿದೆ, "ಏ, ನೀರು ಆರ್ತಾವ. ಜಲ್ದಿ ಬಾ."

ಹೌದು, ಹಾಗೇ ಕೂಗಿದೆ.

ತಂಗಿ ಅಕ್ಕನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಹಿತ್ತಲ ಬಾಗಿಲಿನಿಂದ ಬಚ್ಚಲ ತನಕ ನಾನು ಹಾಸಿದ ಫರ್ಸಿಯ ಮೇಲೆ ರಕ್ತದ ಹನಿಗಳು ಬಿದ್ದಿದ್ದವು. ಆಕೆ ಬುತ್ತಿಯ ಗಂಟನ್ನು ಅಲ್ಲೇ ಕೆಳಗಿಟ್ಟಳು.

"ಎಷ್ಟು ದಿನದಿಂದ ಹೋಗ್ಲಿಕತ್ತದ ಅಕ್ಕಾ?"

"ಏನಿಲ್ಲ. ಹತ್ತು ಹದಿನೈದು ದಿನ. ಸುಮ್ನಿರು, ಅವರಿಗಿ ಕೇಳಸ್ತದ."

"ಕೇಳಸಲಿ!" ಎಂದು ಆಕೆ ನನ್ನ ಮುಂದೆ ಬಂದು ನಿಂತಳು. "ಮಾವಾ, ನಿಮಗ ಜರಾ ನಾಚಿಕಿ ಬರಂಗಿಲ್ಲೇನ್ರಿ? ದವಾಖಾನ್ಯಾಗ ಮಷೀನು ಬಿಟ್ಟು ಐದು ತಿಂಗಳಾತು. ಮನ್ಯಾಗ ನಮ್ಮಕ್ಕನ್ನ ಮಷೀನು ಮಾಡ್ಕೊಂಡು ಕುಂತೀರಿ. ಆಕಿ ನಿಂತು ಹೋದ್ರ ಯಾರ್ನ ಹಚ್ಕೋತೀರಿ?"

"ಏ, ಬಾಯಿ ಮುಚ್ಚು ಸಣ್ಣಾಕಿ" ಎಂದಳು ನನ್ನ ಹೆಂಡತಿ, ಚೌಕಟ್ಟು ಬಿಡದೆ. "ಜೋರ್ ಮಾತಾಡಬ್ಯಾಡ, ಅವರಿಗಿ ಎದಿ ಹೊಡ್ಕೋತದ."

ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು, ಆದರೆ ಅದು ನಾನೇ ಗಟ್ಟಿಯಾಗಿ ಕೂರಿಸಿದ ನೆಲ. ಏಳಲು ನೋಡಿದೆ. ಕೈ ಊರಿ ಎದ್ದರೆ ಕಾಲು ನಡುಗಿ ಮತ್ತೆ ಕುಳಿತೆ. ತಿಂಗಳುಗಟ್ಟಲೆ ನಾಟಕ ಆಡುತ್ತ ಆಡುತ್ತ ನನಗೆ ನಿಜವಾಗಿಯೂ ಏಳಲು ಬರದಂತಾಗಿತ್ತು.

ತಂಗಿ ಜೀಪು ಕರೆಸಿದಳು. ಸೇಡಂಗೆ ಹೊರಡುವ ಗಡಿಬಿಡಿಯಲ್ಲಿಯೂ ಹೆಂಡತಿಗೆ ನನ್ನದೇ ಚಿಂತೆ. ಮನೆಯಲ್ಲಿ ಬಿಟ್ಟರೆ ಊಟಕ್ಕೆ ಹಾಕುವವರು ಯಾರು? ಆದ್ದರಿಂದ ನನ್ನನ್ನೂ ಹತ್ತಿಸಿದರು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಆಕೆ ಹಿಂದುಗಡೆ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಡಾಕ್ಟರಮ್ಮ ನೋಡಿದವರೇ ಸಿಟ್ಟಿಗೆದ್ದರು. "ಇಷ್ಟು ದಿನ ಯಾಕ ಬಿಟ್ಟಿ? ಮೈಯಾಗ ರಕ್ತೇ ಇಲ್ಲಲ್ಲ." ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದೆ. ಹೆಂಡತಿ ಈಗ ನನ್ನ ಕಡೆ ನೋಡುತ್ತಾಳೆ ಎಂದು ಕಾದೆ. ನೋಡಲಿಲ್ಲ. "ಮನ್ಯಾಗ ಜರಾ ತ್ರಾಸ ಇತ್ರಿ ಮೇಡಂ" ಎಂದಳು, ಅಷ್ಟೇ. ಎರಡು ದಿನ ರಕ್ತ ಹಾಕಿದರು. ಮೂರನೆಯ ದಿನ ಬೆಳಗ್ಗೆ ಆಪರೇಷನ್‌ಗೆ ಒಯ್ದರು. ಬಾಗಿಲು ಮುಚ್ಚಿದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಆ ಬಾಗಿಲನ್ನೇ ನೋಡಿದೆ. ಆಕೆ ನನಗಾಗಿ ಹದಿನೇಳು ದಿನ ಹೀಗೆ ಬಾಗಿಲ ಹೊರಗೆ ನಿಂತಿದ್ದಳು; ನನಗೆ ಸಿಕ್ಕಿದ್ದು ಎರಡು ತಾಸು, ಅದೂ ಬೆಂಚಿನ ಮೇಲೆ. ಆಕೆ ಸತ್ತರೆ ನಾನೇ ಕೊಂದಂತೆ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ದೇವರಿಗೆ ಹರಕೆ ಹೊರಲೂ ಮುಖವಿರಲಿಲ್ಲ.

ಬದುಕಿದಳು. ಮರುದಿನ ಮಧ್ಯಾಹ್ನ ನರ್ಸ್ ಬಂದು, "ಅಮ್ಮಾ, ಇವತ್ತ ಎದ್ದು ನಡೀಬೇಕು. ಮಲಗೇ ಇದ್ರ ಕಾಲಾಗ ರಕ್ತ ಹೆಪ್ಪುಗಟ್ಟತದ. ಇಲ್ಲಿಂದ ಆ ಕಡಿ ಬಾಗಿಲ ತನಕ" ಎಂದಳು. ತಂಗಿ ಔಷಧ ತರಲು ಹೊರಗೆ ಹೋಗಿದ್ದಳು. ನರ್ಸ್ ನನ್ನ ಕಡೆ ತಿರುಗಿ, "ನೀವು ಇವರ ಮನಿಯವರೇನ್ರಿ? ಬರ್ರಿ, ಕೈ ಹಿಡೀರಿ" ಎಂದಳು.

ನಾನು ಏಳುವ ಮೊದಲೇ ಹೆಂಡತಿ ಹೇಳಿದಳು, "ಅವರು ಪೇಷಂಟ್ ಅದಾರ್ರಿ ಸಿಸ್ಟರ್. ಅವರಿಗಿ ಕುಂದ್ರಲಿಕ್ಕೆ ಬಿಡ್ರಿ. ನಾ ಗ್ವಾಡಿ ಹಿಡ್ಕೊಂಡು ನಡೀತೀನಿ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮಂಚದಿಂದ ಒಂದೊಂದೇ ಕಾಲು ಇಳಿಸಿ, ಹೊಟ್ಟೆಗೆ ಅಂಗೈ ಒತ್ತಿ, ಗೋಡೆ ಹಿಡಿದು ನಿಂತಳು. ಹಣೆಯ ಮೇಲೆ ಬೆವರಿನ ಸಾಲು. ಮಂಚಕ್ಕೆ ನೇತುಹಾಕಿದ್ದ ಮೂತ್ರದ ಚೀಲವನ್ನು ಯಾರಾದರೂ ಹಿಡಿಯಬೇಕಿತ್ತು. ನಾನು ಎದ್ದು ಅದನ್ನು ಕೈಗೆ ತೆಗೆದುಕೊಂಡೆ. ಆಕೆ ಹೊರಟಳು, ಹಿಂದೆ ನಾನು.

"ಇಷ್ಟು ಜಲ್ದಿ ಬ್ಯಾಡಮ್ಮಾ, ನಿಧಾನ" ಎಂದಳು ನರ್ಸ್.

"ಜಲ್ದಿ ಮನಿಗಿ ಹೋಗಬೇಕ್ರಿ. ಅಲ್ಲಿ ಅವರಿಗಿ ಮಾಡವ್ರು ಯಾರಿಲ್ಲ" ಎಂದಳು ಆಕೆ.

ಮೂರು ಮಂಚ ದಾಟಿದೆವು. ನಾಲ್ಕನೆಯದರ ಹತ್ತಿರ ನನಗೆ ದಮ್ಮು ಹತ್ತಿತು. ಬಾಯಿ ಮುಚ್ಚಿ ಅಡಗಿಸಲು ನೋಡಿದೆ, ಮೂಗಿನಲ್ಲಿ ಸೊಂಯ್ ಸೊಂಯ್ ಸದ್ದು ಬಂತು. ಆಕೆ ನಿಂತಳು. ನಿನ್ನೆ ಹೊಲಿಗೆ ಹಾಕಿಸಿಕೊಂಡ ಮೈಯನ್ನು ಮೆಲ್ಲಗೆ ತಿರುಗಿಸಿ ನನ್ನ ಮುಖ ನೋಡಿದಳು.

"ತ್ರಾಸ ಆಗ್ಲಿಕತ್ತದೇನ್ರಿ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಬರೀ ಏದುಸಿರು ಬಂತು.

"ಸಿಸ್ಟರ್, ಅವರಿಗೊಂದು ಖುರ್ಚಿ ಕೊಡ್ರಿ" ಎಂದಳು.

ಖುರ್ಚಿ ಬಂತು. ಅಷ್ಟೂ ಮಂಚಗಳ ಹೆಂಗಸರು ನೋಡುತ್ತಿದ್ದರು. ನಾನು ಕುಳಿತೆ. ಆಕೆ ನನ್ನ ಕೈಯಿಂದ ಚೀಲವನ್ನು ತಾನೇ ತೆಗೆದುಕೊಂಡು, ಗೋಡೆ ಹಿಡಿದು, ಬಾಗಿಲ ತನಕ ನಡೆದು ಹೋದಳು.